ಬಟ್ಟೆ ಕತ್ತರಿಯಲ್ಲಿ ಕತ್ತರಿಸಿದ ಕಿರೀಟ

ಮಹಿಳಾ ಜೈಲು
ಫೆಬ್ರವರಿ ೩

ಅತ್ತೆಯವರಿಗೆ,

ಹೋದ ವರ್ಷದಿಂದ ಬರೆದ ಯಾವ ಪತ್ರಕ್ಕೂ ನೀವು ಉತ್ತರ ಕೊಟ್ಟಿಲ್ಲ. ಕೊಡಿ ಎಂದು ಕೇಳುವ ಮುಖವೂ ನನಗಿಲ್ಲ. ನಿಮ್ಮ ಒಬ್ಬನೇ ಮಗನನ್ನು ಕೊಂದು ಇಲ್ಲಿಗೆ ಬಂದವಳು ನಾನು. ಆದರೂ ಈ ಸಲ ಹರಿಯುವ ಮೊದಲು ಓದಿ. ಇದು ನನ್ನ ವಿಷಯವಲ್ಲ, ನನ್ನ ಮಗಳು ಗುಬ್ಬಿಯ ವಿಷಯ.

ಹದಿನೆಂಟಕ್ಕೆ ಅವಳಿಗೆ ಆರು ತುಂಬುತ್ತದೆ. ಇದರ ಜೊತೆ ಒಂದು ಕಿರೀಟ ಕಳಿಸಿದ್ದೇನೆ. ಟೂತ್‌ಪೇಸ್ಟ್ ಡಬ್ಬಿಗಳ ರಟ್ಟು, ಮೇಲೆ ಬಿಸ್ಕತ್ತಿನ ಹೊಳೆಯುವ ಕಾಗದ, ತಟ್ಟೆಯಲ್ಲಿ ಉಳಿಸಿಕೊಂಡ ಅನ್ನ ಹಿಸುಕಿ ಮಾಡಿದ ಅಂಟು. ಶಿಶುಶಾಲೆಯಲ್ಲಿ ಸಹಾಯಕಿಯಾಗಿದ್ದಾಗ ಪ್ರತಿ ಮಗುವಿನ ಹುಟ್ಟುಹಬ್ಬಕ್ಕೂ ಇಂಥದ್ದನ್ನು ಮಾಡಿ ಕೈ ಪಳಗಿದೆ. ಈಗ ಅವಳ ತಲೆಯ ಸುತ್ತಳತೆ ಎಷ್ಟಿದೆಯೋ ನನಗೆ ಗೊತ್ತಿಲ್ಲ. ಅದಕ್ಕೆ ಹಿಂದಿನ ತುದಿಗಳನ್ನು ಅಂಟಿಸದೆ ಹಾಗೇ ಬಿಟ್ಟಿದ್ದೇನೆ. ನಿಮ್ಮ ಟೇಪು ಹಿಡಿದು ಅಳತೆ ತೆಗೆದು ಒಂದು ಪಿನ್ನು ಹಾಕಿ.

ಇನ್ನೊಂದು ಮಾತು. ಮೇ ತಿಂಗಳ ಅಮ್ಮಂದಿರ ದಿನಕ್ಕೆ ಇಲ್ಲಿ ಚಿಕ್ಕ ಮಕ್ಕಳನ್ನು ಒಳಗೆ ಬಿಡುತ್ತಾರೆ. ಬೇರೆ ದಿನಗಳಲ್ಲಿ ನಡುವೆ ಜಾಲರಿ ಇರುತ್ತದೆ. ಅವತ್ತು ಮಾತ್ರ ಒಂದೇ ಮೇಜಿಗೆ ಕೂತು, ಮಗುವಿನ ಜೊತೆ ಏನಾದರೂ ಕತ್ತರಿಸಿ ಅಂಟಿಸಬಹುದು. ಸಾಕುತ್ತಿರುವವರು ಕರೆದುಕೊಂಡು ಬರಬೇಕು. ನೀವು ನನ್ನ ಮುಖ ನೋಡಬೇಕಾಗಿಲ್ಲ, ಗೇಟಿನಲ್ಲಿ ಬಿಟ್ಟರೂ ಸಾಕು.

ನಿಮ್ಮ ಸೊಸೆ


ಫೆಬ್ರವರಿ ೧೨

ನಿನಗೆ ನಮಸ್ಕಾರವೂ ಇಲ್ಲ, ಆಶೀರ್ವಾದವೂ ಇಲ್ಲ.

ಪೋಸ್ಟಿನವನು ಮೆಟ್ಟಿಲು ಇಳಿಯುವ ಮೊದಲೇ ನಿನ್ನ ಕಿರೀಟ ಹರಿದೆ. ಎರಡು ಮಾಡಿದೆ, ನಾಲ್ಕು ಮಾಡಿದೆ, ಬೆರಳು ಹಿಡಿಯಲಾರದಷ್ಟು ಚೂರು ಮಾಡಿದೆ. ಆಮೇಲೆ ಇಸ್ತ್ರಿಪೆಟ್ಟಿಗೆಯ ಕೆಂಡದೊಳಗೆ ಸುರಿದೆ. ಅದೇ ಬಿಸಿಯಲ್ಲಿ ಹತ್ತು ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ.

ಕಿರೀಟವಂತೆ! ಹೋದ ವರ್ಷ ಅದೇ ಕಿರೀಟದ ನೆಪದಲ್ಲಿ ತಾನೇ ನನ್ನ ಅಂಗಡಿಯಿಂದ ಕತ್ತರಿ ಎತ್ತಿಕೊಂಡು ಹೋದದ್ದು? ಹೇಳಲಿಲ್ಲ, ಕೇಳಲಿಲ್ಲ. ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಬಾರದು ಎಂದು ದರ್ಜಿಯ ಮನೆಯ ಬೆಕ್ಕಿಗೂ ಗೊತ್ತು. ಕಾಗದ ಮುಟ್ಟಿದರೆ ಅಂಚು ಸತ್ತುಹೋಗುತ್ತದೆ, ಆಮೇಲೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಅದು ನನ್ನ ಅಪ್ಪನ ಕತ್ತರಿ. ಕೈಕೆಳಗಿನ ಹುಡುಗಿಯರಿಗೂ ನಾನು ಅದನ್ನು ಮುಟ್ಟಗೊಡುತ್ತಿರಲಿಲ್ಲ. ನೀನು ಅದರಲ್ಲಿ ಮೊದಲು ರಟ್ಟು ಕತ್ತರಿಸಿದೆ, ಆಮೇಲೆ ನನ್ನ ಮಗನನ್ನು. ಈಗ ಅದು ಚೀಟಿ ಅಂಟಿಸಿಕೊಂಡು ಕೋರ್ಟಿನ ಕಪಾಟಿನಲ್ಲಿ ಬಿದ್ದಿದೆ.

ಶವಾಗಾರದಲ್ಲಿ ಬಿಳಿ ಬಟ್ಟೆ ಸರಿಸಿ ತೋರಿಸಿದರು. ಹುಟ್ಟಿದಂದಿನಿಂದ ಅವನ ಅಂಗಿ ಹೊಲಿದವಳು ನಾನು. ಕತ್ತಿನಿಂದ ಭುಜಕ್ಕೆಷ್ಟು, ಭುಜದಿಂದ ಸೊಂಟಕ್ಕೆಷ್ಟು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅಳತೆ ತೆಗೆದದ್ದು ನಾನು, ತೂತು ಹಾಕಿದ್ದು ನೀನು. ಎಷ್ಟು ತೂತು ಎಂದು ವೈದ್ಯರು ಹೇಳಲು ಬಂದಾಗ ಕಿವಿ ಮುಚ್ಚಿಕೊಂಡೆ.

ಇರುವೆಯನ್ನೂ ತುಳಿಯದ ಹುಡುಗ ಅವನು. ಈ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳು. ಯಾರ ಮನೆ ಖಾಲಿ ಮಾಡುವುದಿದ್ದರೂ ತನ್ನ ಲಾರಿ ತಂದು ನಿಲ್ಲಿಸುತ್ತಿದ್ದ. ನಿನಗೆ ಒಂದೆರಡು ಏಟು ಬಿಟ್ಟಿರಬಹುದು. ಯಾವ ಗಂಡ ಬಿಡುವುದಿಲ್ಲ? ನಾನೂ ತಿಂದಿದ್ದೇನೆ. ಕತ್ತರಿ ನನ್ನ ಕೈಯಲ್ಲೇ ಇರುತ್ತಿತ್ತು, ಎತ್ತಿದೆನೇ?

ಹುಟ್ಟುಹಬ್ಬಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತು, ನಿನ್ನ ಪಾಠ ಬೇಡ. ಮೇ ತಿಂಗಳಲ್ಲಿ ಅಮ್ಮಂದಿರ ದಿನವಂತೆ. ನನಗೂ ಒಬ್ಬ ಮಗನಿದ್ದ, ನನ್ನ ದಿನ ಯಾವುದು ಎಂದು ನಿನ್ನ ಜೈಲಿನವರನ್ನು ಕೇಳಿ ತಿಳಿಸು.

ನೀನು ಕೊಂದವನ ತಾಯಿ


ಮಹಿಳಾ ಜೈಲು
ಫೆಬ್ರವರಿ ೨೬

ಅತ್ತೆಯವರಿಗೆ,

ನೀವು ಬರೆದಿರಿ. ಏನು ಬರೆದಿದ್ದರೂ ಸರಿಯೇ, ನಿಮ್ಮ ಅಕ್ಷರ ನೋಡಿ ಗುಬ್ಬಿ ಆ ಮನೆಯಲ್ಲಿ ಇದ್ದಾಳೆ, ಉಂಡು ಮಲಗುತ್ತಿದ್ದಾಳೆ ಎಂಬ ಧೈರ್ಯ ಬಂತು.

ಇಲ್ಲಿ ನನಗೆ ಕೈಕೆಲಸ ಕಲಿಸುವ ಕೆಲಸ ಕೊಟ್ಟಿದ್ದಾರೆ. ಮಕ್ಕಳ ಹುಟ್ಟುಹಬ್ಬಕ್ಕೆ, ಶಾಲೆ ಶುರುವಾಗುವ ದಿನಕ್ಕೆ, ಮೊದಲ ಹಲ್ಲು ಬಿದ್ದ ದಿನಕ್ಕೆ ಕಳಿಸಲೆಂದು ಇಲ್ಲಿರುವ ತಾಯಂದಿರೆಲ್ಲ ಏನಾದರೊಂದು ಮಾಡುತ್ತಾರೆ. ಸಾಮಾನು ಸಾಲುವುದಿಲ್ಲ. ಹೋದ ವಾರ ಒಂದೇ ಒಂದು ಕೆಂಪು ಹಾಳೆ ಉಳಿದಿತ್ತು. ನಮ್ಮ ಬ್ಲಾಕಿನ ಉದ್ದಕ್ಕ ಎಂಬವಳು ಅದನ್ನು ಎಳೆದುಕೊಂಡಳು, ಅಡುಗೆ ಕೆಲಸ ಮಾಡುವ ಇನ್ನೊಬ್ಬ ತಾಯಿ ಬಿಡಲಿಲ್ಲ. ಉದ್ದಕ್ಕ ಅವಳ ಕೂದಲು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಬಡಿದಳು. ಮೂಗು ಮುರಿದ ಸದ್ದು ನನಗೆ ಕೇಳಿಸಿತು. ಬಿಡಿಸಲು ಹೋದವಳಿಗೆ, ಅಂದರೆ ನನಗೆ, ಅಡುಗೆಯವಳೇ ಕೆನ್ನೆ ಕಚ್ಚಿದಳು. ರಕ್ತ ಹಾಳೆಯ ಮೇಲೆ ಬಿತ್ತು, ಕೆಂಪು ಹಾಳೆಯಾದ್ದರಿಂದ ಹೆಚ್ಚು ಕಾಣಲಿಲ್ಲ. ಒಣಗಿದ ಮೇಲೆ ಇಬ್ಬರೂ ಅದನ್ನೇ ಹಂಚಿಕೊಂಡು ಹೂವು ಕತ್ತರಿಸಿ ತಮ್ಮ ತಮ್ಮ ಮಕ್ಕಳಿಗೆ ಕಳಿಸಿದರು.

ನಿಮ್ಮ ಮಗನ ವಿಷಯಕ್ಕೆ ನಾನು ಉತ್ತರ ಬರೆಯುವುದಿಲ್ಲ. ಕೋರ್ಟಿನಲ್ಲೂ ಬಾಯಿ ಬಿಡಲಿಲ್ಲ, ಇಲ್ಲೂ ಬಿಡುವುದಿಲ್ಲ. ಕತ್ತರಿಯ ವಿಷಯಕ್ಕೆ ಮಾತ್ರ ಹೇಳುತ್ತೇನೆ. ಶಾಲೆಯ ಮೊಂಡು ಕತ್ತರಿಯಲ್ಲಿ ರಟ್ಟು ಕತ್ತರಿಸಲಾಗಲಿಲ್ಲ. ಸಂಜೆಯೊಳಗೆ ತಂದಿಟ್ಟರೆ ನಿಮಗೆ ಗೊತ್ತಾಗುವುದಿಲ್ಲ ಅಂದುಕೊಂಡೆ.

ಒಂದು ಬೇಡಿಕೆ. ಗುಬ್ಬಿಗೆ ತಲೆ ತೊಳೆಯುವಾಗ ನೆತ್ತಿಯ ಮೇಲಿಂದ ನೀರು ಸುರಿಯಬೇಡಿ. ಹಿಂದೆ ಕೂತು, ಕತ್ತಿನ ಕಡೆಯಿಂದ ಸ್ವಲ್ಪ ಸ್ವಲ್ಪ ಹಾಕಿ. ಯಾಕೆ ಎಂದು ಕೇಳಬೇಡಿ.

ನಿಮ್ಮ ಸೊಸೆ


ಮಾರ್ಚ್ ೧೦

ತಲೆ ತೊಳೆಯುವ ಮಾತು ಓದಿದಾಗ ನನಗೆ ನಗು ಬಂದಿತ್ತು. ಜೈಲಿನಲ್ಲಿ ಕೂತು ಮೊಮ್ಮಗಳ ಸ್ನಾನ ನನಗೆ ಕಲಿಸುತ್ತಾಳೆ, ಮೊಟ್ಟೆ ಬಂದು ಕೋಳಿಗೆ ಬುದ್ಧಿ ಹೇಳಿದಂತೆ ಎಂದುಕೊಂಡೆ. ಈಗ ನಗುತ್ತಿಲ್ಲ.

ಹುಟ್ಟುಹಬ್ಬಕ್ಕೆ ನಾನೇ ಒಂದು ಗೊಂಬೆ ಹೊಲಿದೆ. ಅವನ ನೀಲಿ ಚೌಕಳಿ ಅಂಗಿಯೊಂದು ನನ್ನ ಟ್ರಂಕಿನಲ್ಲಿತ್ತು. ಒಗೆಯಲು ಮನಸ್ಸಾಗದೆ ಹಾಗೇ ಇಟ್ಟಿದ್ದೆ. ಅಪ್ಪನ ಮೈವಾಸನೆ ಮಗುವಿನ ಹತ್ತಿರ ಇರಲಿ ಎಂದು ಅದನ್ನೇ ಕತ್ತರಿಸಿದೆ. ಸುಲಭದ ಕೆಲಸ. ತೋಳುಗಳನ್ನು ಸೀಳಿದರೆ ಕೈಕಾಲಾಯಿತು, ಬೆನ್ನಿನ ಭಾಗ ಹೊಟ್ಟೆಯಾಯಿತು, ಒಳಗೆ ಚಿಂದಿ ತುರುಕಿದೆ, ಅದೇ ಅಂಗಿಯ ಎರಡು ಗುಂಡಿ ಕಣ್ಣಾಯಿತು. ಲೋಕದಲ್ಲಿ ನೀನೊಬ್ಬಳೇ ಕೈಕೆಲಸದವಳಲ್ಲ.

ಕೈಗೆ ಕೊಟ್ಟೆ. ಮೂಸಿ ನೋಡಿದಳು. ಮುಖ ಬಿಳಿಚಿಕೊಂಡಿತು. "ಥ್ಯಾಂಕ್ಸ್ ಅಜ್ಜಿ" ಎಂದಳು, ದೊಡ್ಡವರ ಹಾಗೆ. ಆಮೇಲೆ ಅದನ್ನು ಮಂಚದ ಕೆಳಗೆ, ಮುಖ ಗೋಡೆಗೆ ತಿರುಗಿಸಿ ಇಟ್ಟಳು. ನಾಚಿಕೆ ಇರಬೇಕು ಎಂದುಕೊಂಡೆ.

ಮೊನ್ನೆ ಭಾನುವಾರ ತಲೆ ತೊಳೆಯುವ ದಿನ. ಎಂದಿನಂತೆ ರಂಪ. ಈ ಹುಡುಗಿ ಅಳುವುದಿಲ್ಲ, ಕಚ್ಚುತ್ತಾಳೆ, ಪರಚುತ್ತಾಳೆ. ನಾನೂ ಎಂದಿನಂತೆ ಬೆನ್ನಿಗೆ ಎರಡು ಬಿಟ್ಟು, ತಲೆಗೆ ನೀರು ಸುರಿದು, ಒರೆಸಿ ಕಳಿಸಿದೆ. ಅಂಗಡಿಗೆ ಬಂದು ಮಿಷನ್ ತುಳಿಯುತ್ತಿದ್ದಾಗ ಒಳಗಿನಿಂದ ನೀರಿನ ಸದ್ದು ಬಂತು. ಹೋಗಿ ನೋಡಿದೆ. ಬಚ್ಚಲಲ್ಲಿ ಮಂಡಿಯೂರಿ ಕೂತು, ಗೊಂಬೆಯ ಕತ್ತು ಹಿಡಿದು ಬಕೆಟ್ಟಿನಲ್ಲಿ ಅದ್ದುತ್ತಿದ್ದಾಳೆ. ಎತ್ತುತ್ತಾಳೆ. "ಇನ್ನೂ ಅಳ್ತೀಯಾ?" ಮತ್ತೆ ಮುಳುಗಿಸುತ್ತಾಳೆ, ಎರಡೂ ಕೈಯಿಂದ, ಮೈಭಾರ ಹಾಕಿ. ಎತ್ತುತ್ತಾಳೆ. "ಇನ್ನೂ ಅಳ್ತೀಯಾ? ಕರಿ ನಿಮ್ಮಮ್ಮನ್ನ, ಬರ್ಲಿ, ನೋಡೋಣ."

ಅದು ಮಗುವಿನ ದನಿಯಲ್ಲ. "ನೋಡೋಣ" ಎಂಬುದನ್ನು ಹಾಗೆ ಎಳೆಯುತ್ತಿದ್ದವನು ಒಬ್ಬನೇ, ಅವನನ್ನು ಹೆತ್ತವಳು ನಾನು.

"ಏನೇ ಇದು?" ಎಂದೆ.

"ಆಟ ಅಜ್ಜಿ."

"ಯಾರು ಕಲಿಸಿದ್ರು ಈ ಆಟನ?"

ಗೊಂಬೆಯನ್ನು ಹಿಂಡಿ, ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟು, ಬಣ್ಣ ಹಚ್ಚಲು ಕೂತಳು.

ನೀನು ಕಲಿಸಿರಬೇಕು, ನಿನ್ನ ವಕೀಲ ಕಲಿಸಿರಬೇಕು ಎಂದುಕೊಳ್ಳಲು ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ಆಗುತ್ತಿಲ್ಲ. ಆ ಸಂಜೆ ಏನಾಯಿತು ಎಂದು ಬರೆ. ಬಾಯಿ ಮುಚ್ಚಿಕೊಂಡೆಯೋ, ಗುಬ್ಬಿಯನ್ನು ಈ ಊರಿನಿಂದಲೇ ಕರೆದುಕೊಂಡು ಹೋಗುತ್ತೇನೆ. ಜೀವಮಾನದಲ್ಲಿ ಅವಳ ನೆರಳೂ ನಿನಗೆ ಸಿಗುವುದಿಲ್ಲ.

ಅವನ ತಾಯಿ


ಮಹಿಳಾ ಜೈಲು
ಮಾರ್ಚ್ ೧೯

ಅತ್ತೆಯವರಿಗೆ,

ಬರೆಯುತ್ತೇನೆ. ಓದಿದ ಮೇಲೆ ಸುಟ್ಟುಹಾಕಿ.

ಅಡುಗೆಮನೆಯ ನೆಲದ ಮೇಲೆ ರಟ್ಟು ಹರಡಿಕೊಂಡು ಕೂತಿದ್ದೆವು. ಮರುದಿನ ಅವಳಿಗೆ ಐದು ತುಂಬುತ್ತಿತ್ತು. ಕಿರೀಟ ಮುಗಿದಿತ್ತು, ಅಂಟು ಆರಲೆಂದು ಬಾಗಿಲ ಹತ್ತಿರ ಇಟ್ಟಿದ್ದೆವು. ಅವರು ಬಂದರು. ಬೂಟುಗಾಲಿನಲ್ಲಿ ಅದರ ಮೇಲೆ ಕಾಲಿಟ್ಟರು. ನೋಡದೆ ಇಟ್ಟದ್ದಲ್ಲ. ನನ್ನ ಮುಖ ನೋಡುತ್ತಲೇ ತಿರುವಿದರು. ಗುಬ್ಬಿ ಅಳಲು ಶುರುಮಾಡಿದಳು.

ಅವರಿಗೆ ಅಳುವಿನ ಸದ್ದು ಆಗುತ್ತಿರಲಿಲ್ಲ. ನನಗೆ ಹೊಡೆಯುವಾಗ ಬಾಯಿಗೆ ಟವೆಲು ತುರುಕುತ್ತಿದ್ದರು, ಕೆಳಗಿನ ಮನೆಯವರಿಗೆ ಕೇಳಬಾರದು ಎಂದು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಮಾತನ್ನು ನಿಮ್ಮೆದುರು ಆಡಲು ಏಳು ವರ್ಷ ಧೈರ್ಯ ಬಂದಿರಲಿಲ್ಲ. ಮಗುವಿನ ಮೇಲೆ ಮಾತ್ರ ಅದುವರೆಗೆ ಕೈ ಮಾಡಿರಲಿಲ್ಲ.

ಅವತ್ತು ಅವಳ ಕತ್ತಿನ ಹಿಂಭಾಗ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದರು. ಬಕೆಟ್ಟು ತುಂಬಿತ್ತು. ಮೊದಲ ಸಲ ಎತ್ತಿದಾಗ ಅವಳು ಕೆಮ್ಮಿ ಇನ್ನೂ ಜೋರಾಗಿ ಅತ್ತಳು. ಎರಡನೇ ಸಲ ಎತ್ತಿದಾಗ ಅಳು ಬರಲಿಲ್ಲ, ಮೂಗಿನಿಂದ ನೀರು ಬಂತು. ನಾನು ಅವರ ಬೆನ್ನಿಗೆ ಜೋತುಬಿದ್ದು ಕಿವಿ ಕಚ್ಚಿದೆ. ಮೊಣಕೈಯಿಂದ ಬಾಯಿಗೆ ಬೀಸಿದರು, ಮುಂದಿನ ಎರಡು ಹಲ್ಲು ನೆಲದ ಮೇಲೆ ಬಿದ್ದವು. ಮೂರನೇ ಸಲ ಮುಳುಗಿಸಿ ಹಿಡಿದೇ ಇದ್ದರು. ಅವಳ ಕಾಲು ಬಚ್ಚಲ ಕಲ್ಲಿಗೆ ಬಡಿಯುತ್ತಿತ್ತು. ಆಮೇಲೆ ಬಡಿಯುವುದು ನಿಂತಿತು.

ಅಡುಗೆಮನೆಗೆ ಓಡಿಹೋಗಿ ಬಂದದ್ದು ನೆನಪಿಲ್ಲ. ನಿಮ್ಮ ಕತ್ತರಿ ನನ್ನ ಕೈಯಲ್ಲಿತ್ತು. ಒಂದು ಏಟಿಗೆ ಅವರು ಬಿಡಲಿಲ್ಲ. ಬಿಡುವವರೆಗೆ ಚುಚ್ಚಿದೆ. ಬಿಟ್ಟ ಮೇಲೂ ಚುಚ್ಚಿದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆಮೇಲೆ ಮಗುವನ್ನು ತಲೆಕೆಳಗು ಮಾಡಿ ಬೆನ್ನಿಗೆ ಗುದ್ದಿದೆ. ನೀರು ಕಕ್ಕಿ ಉಸಿರು ಎಳೆದುಕೊಂಡಳು. ಒದ್ದೆ ಅಂಗಿ ಬದಲಿಸಿ, ತಲೆ ಒರೆಸಿ, ಮಡಿಲಲ್ಲಿ ಕೂರಿಸಿಕೊಂಡು ಪೊಲೀಸರಿಗೆ ಕಾದೆ. ಅವರು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ.

ನಮ್ಮ ವಕೀಲರಿಗೆ ಅರ್ಧ ಹೇಳಿದ್ದೆ. ಮಗು ಬಂದು ಸಾಕ್ಷಿ ಹೇಳಿದರೆ ಬಿಡುಗಡೆಯೇ ಆಗಬಹುದು ಎಂದರು. ನಾನು ಒಪ್ಪಲಿಲ್ಲ. ಐದು ವರ್ಷದ ಮಗು ಕಟಕಟೆ ಹತ್ತಿ ಅಪ್ಪ ನನ್ನನ್ನು ಮುಳುಗಿಸಿದ ಎನ್ನಬೇಕೇ? ನಾಳೆ ದೊಡ್ಡವಳಾದ ಮೇಲೆ, ನನ್ನಿಂದಾಗಿ ಅಪ್ಪ ಸತ್ತ, ನನ್ನಿಂದಾಗಿ ಅಮ್ಮ ಜೈಲು ಸೇರಿದಳು ಎಂದು ಹೊತ್ತುಕೊಂಡು ತಿರುಗಬೇಕೇ? ಚಿಕ್ಕ ಮಗು, ಮರೆತುಬಿಡುತ್ತಾಳೆ ಎಂದುಕೊಂಡೆ. ಮಕ್ಕಳು ಮರೆಯುತ್ತಾರೆ, ಅಲ್ಲವೇ ಅತ್ತೆ?

ಅವಳಿಗೆ ಹೊಡೆಯಬೇಡಿ. ಹಳೆಯ ಪ್ಲಾಸ್ಟಿಕ್ ಫೈಲೊಂದನ್ನು ಅಗಲವಾದ ಉಂಗುರದ ಆಕಾರಕ್ಕೆ ಕತ್ತರಿಸಿ, ಒಳ ಅಂಚಿಗೆ ಎಲಾಸ್ಟಿಕ್ ಹೊಲಿಯಿರಿ. ಹಣೆಯ ಸುತ್ತ ಟೋಪಿಯ ಹಾಗೆ ಕೂರುತ್ತದೆ, ನೀರು ಮುಖಕ್ಕೆ ಬರುವುದಿಲ್ಲ. ಅದಕ್ಕೆ ಅವಳ ಕೈಯಲ್ಲೇ ಹೂವು ಬರೆಸಿದರೆ ಹಾಕಿಕೊಳ್ಳುತ್ತಾಳೆ.

ನಿಮ್ಮ ಸೊಸೆ


ಮಹಿಳಾ ಜೈಲು
ಏಪ್ರಿಲ್ ೧೧

ಅತ್ತೆಯವರಿಗೆ,

ಉತ್ತರ ಬರಲಿಲ್ಲ. ನೀವು ಊರು ಬಿಟ್ಟಿರೋ ಎಂದು ಹೆದರಿ ಎರಡು ಹೊತ್ತು ಊಟ ಸೇರಲಿಲ್ಲ. ಬೈದಾದರೂ ನಾಲ್ಕು ಸಾಲು ಬರೆಯಿರಿ.

ನಿಮ್ಮ ಸೊಸೆ


ಏಪ್ರಿಲ್ ೨೨

ಊರು ಬಿಟ್ಟಿಲ್ಲ. ನಿನ್ನ ಮಾತು ಸುಳ್ಳು ಎಂದು ಸಾಬೀತು ಮಾಡಲು ಓಡಾಡುತ್ತಿದ್ದೆ.

ಹೆತ್ತವಳಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅನ್ನಲಿ, ಹೆಗ್ಗಣವಾದರೂ ನನ್ನದೇ ತಾನೇ? ನೀವಿದ್ದ ಕಟ್ಟಡಕ್ಕೆ ಹೋದೆ. ನಿಮ್ಮ ಕೆಳಗಿನ ಮನೆಯಲ್ಲಿ ಬೀಗ ರಿಪೇರಿಯವನೊಬ್ಬ ಇದ್ದಾನಲ್ಲ, ಅವನ ಮುಂದೆ ಕೂತೆ. "ಆ ಸಂಜೆ ನೀನು ಮನೇಲಿದ್ಯಾ? ಏನು ಕೇಳ್ಸ್ತು, ನಿಜ ಹೇಳು" ಎಂದೆ. ಮೊದಲು ಏನೂ ಇಲ್ಲವೆಂದ. ನಾನು ಏಳಲಿಲ್ಲ. ಒಂದು ಗಂಟೆ ಅವನ ಅರದ ಸದ್ದು ಕೇಳುತ್ತಾ ಅಲ್ಲೇ ಕೂತಿದ್ದೆ.

ಕೊನೆಗೆ ಅರ ಕೆಳಗಿಟ್ಟ. "ಮಗು ಅಳ್ತಿತ್ತು ಅಮ್ಮ. ನೀರು ಚೆಲ್ಲೋ ಸದ್ದು. ಮತ್ತೆ ಅಳು. ಆಮೇಲೆ ನೆಲ ಬಡಿಯೋ ಸದ್ದು. ಆಮೇಲೆ ಏನೂ ಇಲ್ಲ."

"ನೀನೇನ್ ಮಾಡ್ದೆ?"

"ಗಂಡ ಹೆಂಡ್ತಿ ಜಗಳ, ನಮಗ್ಯಾಕೆ ಅಂತ ಟೀವಿ ಜೋರು ಮಾಡ್ದೆ."

ಅಂಗಡಿಯಿಂದ ಹಾಗೇ ಎದ್ದು ಹೋಗಿದ್ದರಿಂದ ಮರದ ಸ್ಕೇಲು ಕೈಯಲ್ಲೇ ಇತ್ತು. ಅದರಲ್ಲಿ ಹೊಡೆದೆ. ಭುಜಕ್ಕೆ ಹೊಡೆದೆ, ತಲೆಗೆ ಹೊಡೆದೆ, ಅಡ್ಡ ತಂದ ಕೈಗೆ ಹೊಡೆದೆ. ಹುಬ್ಬು ಸೀಳಿ ರಕ್ತ ಅವನ ಬೀಗಗಳ ಮೇಲೆ ಇಳಿಯಿತು. ಸ್ಕೇಲು ಮುರಿಯಿತು, ತುಂಡಿನಿಂದಲೇ ಹೊಡೆದೆ. ಆ ಮನುಷ್ಯ ಓಡಲಿಲ್ಲ. "ಪೊಲೀಸ್ ಕರೆಯೋ, ಕರಿ" ಎಂದೆ. "ಬೇಡ ಅಮ್ಮ, ಇನ್ನೂ ಎರಡು ಹಾಕಿ" ಎಂದ. ಅಲ್ಲಿಗೆ ನನ್ನ ಕೈ ಸೋತುಹೋಯಿತು. ಸುಳ್ಳು ಹೇಳುವವನು ಹಾಗೆ ಹೊಡೆತ ತಿನ್ನುವುದಿಲ್ಲ.

ಮನೆಗೆ ಬಂದು ಗೋಡೆಯ ಮೇಲಿದ್ದ ಅವನ ಫೋಟೋ ತೆಗೆದೆ. ಒಡೆಯಬೇಕೆಂದೇ ತೆಗೆದದ್ದು. ಆಗಲಿಲ್ಲ. ಮತ್ತೆ ನೇತುಹಾಕಿದೆ. ಮತ್ತೆ ತೆಗೆದೆ. ಈಗ ಅದು ಟ್ರಂಕಿನಲ್ಲಿದೆ.

ಇಷ್ಟು ಸಾಲದು ಎಂದು ನಿನ್ನೆ ಶಾಲೆಯಿಂದ ಕರೆ ಬಂತು. ಅಮ್ಮಂದಿರ ದಿನಕ್ಕೆ ಎಲ್ಲ ಮಕ್ಕಳಿಂದ ಕಾರ್ಡು ಮಾಡಿಸುತ್ತಿದ್ದರಂತೆ. ಪಕ್ಕದ ಹುಡುಗ "ನಿಮ್ಮಮ್ಮ ಕೊಲೆಗಾರ್ತಿ, ಅವಳಿಗ್ಯಾಕೆ ಕಾರ್ಡು?" ಎಂದನಂತೆ. ಗುಬ್ಬಿ ಅಂಟಿನ ಗಾಜಿನ ಬಾಟಲಿ ಎತ್ತಿ ಅವನ ಹಣೆಗೆ ಅಪ್ಪಳಿಸಿದಳು. ಹೊಲಿಗೆ ಹಾಕಿದ್ದಾರೆ. ಬಿದ್ದವನ ಮೇಲೆ ಕೂತು ಇನ್ನೊಂದು ಸಲ ಎತ್ತಿದ್ದಳಂತೆ, ಟೀಚರು ಕಿತ್ತುಕೊಂಡರು. "ಇಷ್ಟು ಚಿಕ್ಕ ಮಗುಗೆ ಇಷ್ಟೊಂದು ಸಿಟ್ಟಾ?" ಎಂದರು. ನೂಲಿನಂತೆ ಸೀರೆ ಎನ್ನಲು ಹೊರಟೆ, ನಾಲಗೆ ಕಚ್ಚಿಕೊಂಡೆ. ಯಾವ ನೂಲು ಎಂದು ಕೇಳಿದರೆ ಏನು ಹೇಳಲಿ? ಆ ಹುಡುಗ ಅತ್ತ, ಅವನ ತಾಯಿ ಅತ್ತಳು, ಟೀಚರೂ ಅತ್ತರು. ಇವಳ ಕಣ್ಣಲ್ಲಿ ಮಾತ್ರ ಒಂದು ಹನಿ ಇಲ್ಲ.

ನಾನು ವಕೀಲರ ಹತ್ತಿರ ಹೋಗುತ್ತೇನೆ. ಬೀಗದವನು ಸಾಕ್ಷಿಗೆ ಬರುತ್ತಾನಂತೆ. ಅವನೊಬ್ಬನದೇ ಸಾಲದಿದ್ದರೆ ಗುಬ್ಬಿಯೂ ಹೇಳಲಿ. ಎಲ್ಲರೂ ಬಾಯಿ ಮುಚ್ಚಿಕೊಂಡು, ಟೀವಿ ಜೋರು ಮಾಡಿಕೊಂಡು ಆದದ್ದು ಇಷ್ಟು. ನಿನ್ನ ಮೇಲಿನ ಕನಿಕರದಿಂದ ಹೇಳುತ್ತಿಲ್ಲ, ತಿಳಿದುಕೋ. ಅಮ್ಮಂದಿರ ದಿನಕ್ಕೆ ಬರುವುದಿಲ್ಲ. ನಿನ್ನ ಮುಖ ಕಂಡರೆ ನನ್ನ ಕೈ ಏನು ಮಾಡೀತೋ ನನಗೇ ಗೊತ್ತಿಲ್ಲ.

ಗುಬ್ಬಿಯ ಅಜ್ಜಿ


ಮಹಿಳಾ ಜೈಲು
ಏಪ್ರಿಲ್ ೩೦

ಅತ್ತೆಯವರಿಗೆ,

ಕಾಲಿಗೆ ಬೀಳುತ್ತೇನೆ, ವಕೀಲರ ಹತ್ತಿರ ಹೋಗಬೇಡಿ. ಅವಳನ್ನು ಕೋರ್ಟಿಗೆ ಕರೆತಂದರೆ ನಾನು ಎದ್ದು ನಿಂತು ಎಲ್ಲವೂ ಸುಳ್ಳು ಎನ್ನುತ್ತೇನೆ. ಇನ್ನೂ ಒಂಬತ್ತು ವರ್ಷ ಇಲ್ಲಿರಬಲ್ಲೆ. ಅವಳು ನಡೆದದ್ದನ್ನು ಹತ್ತು ಜನರ ಮುಂದೆ ಬಾಯಿಬಿಟ್ಟು ಹೇಳುವುದನ್ನು ಕೇಳಿ ಒಂದು ದಿನವೂ ಇರಲಾರೆ. ಕೊಂದದ್ದು ತನ್ನನ್ನು ಉಳಿಸಲೆಂದು ಅವಳಿಗೆ ಗೊತ್ತಾಗಬಾರದು. ಅಮ್ಮ ಕೆಟ್ಟವಳು ಎಂದೇ ಬೆಳೆಯಲಿ, ಪರವಾಗಿಲ್ಲ. ಅವಳಿಗೆ ಏನೂ ಹೇಳುವುದಿಲ್ಲ ಎಂದು ನನಗೆ ಮಾತು ಕೊಡಿ.

ಆದರೆ ಅಮ್ಮಂದಿರ ದಿನದ ಭಾನುವಾರ ಕರೆದುಕೊಂಡು ಬನ್ನಿ. ನಿಮ್ಮ ಕೈ ಏನು ಬೇಕಾದರೂ ಮಾಡಲಿ. ಅವತ್ತಿನ ಕೆಲಸ ತುಂಬಾ ಸುಲಭದ್ದು. ಹಾಳೆಯ ಮೇಲೆ ಅಂಗೈ ಇಟ್ಟು ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು ಕತ್ತರಿಸುವುದು. ತಾಯಿಯದೊಂದು ಕೈ, ಮಗುವಿನದೊಂದು ಕೈ. ದೊಡ್ಡದರ ಮೇಲೆ ಚಿಕ್ಕದನ್ನು ಅಂಟಿಸಿ ಮನೆಗೆ ಒಯ್ಯುವುದು. ಇಲ್ಲಿರುವ ಅರ್ಧದಷ್ಟು ಕೈಗಳು ಯಾರನ್ನೋ ಕೊಂದ ಕೈಗಳು. ಮಕ್ಕಳಿಗೆ ಅದು ಬೇಕಾಗಿಲ್ಲ, ಅವು ಬೆರಳಿನ ಉದ್ದ ನೋಡಿ ನಗುತ್ತವೆ. ಮಕ್ಕಳು ಬಾರದ ತಾಯಂದಿರನ್ನು ಅವತ್ತು ಒಗೆಯುವ ಮನೆಗೆ ಕಳಿಸುತ್ತಾರೆ. ಹೋದ ವರ್ಷ ನಾನು ಅಲ್ಲಿದ್ದೆ.

ನಿಮ್ಮ ಸೊಸೆ


ಮೇ ೧೬

ಸೊಸೆಗೆ,

ಬಂದದ್ದನ್ನು ನೀನು ನೋಡಿದೆ. ನಾನು ಒಳಗೆ ಬರಲಿಲ್ಲ, ಜಾಲರಿಯ ಆಚೆ ನಿಂತಿದ್ದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು.

ಗುಬ್ಬಿ ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದು ನೀನು ಕೈ ಚಾಚಿದ್ದೆ. ಅವಳು ನಿನ್ನ ಮುಖಕ್ಕೆ ಗುದ್ದಿದಳು. ಎದೆಗೆ, ಹೊಟ್ಟೆಗೆ, ಮತ್ತೆ ಮುಖಕ್ಕೆ. "ಯಾಕ್ ಬರ್ಲಿಲ್ಲ? ಯಾಕ್ ಬರ್ಲಿಲ್ಲ?" ನಿನ್ನ ತುಟಿ ಒಡೆಯಿತು. ಎಳೆಯಲು ಬಂದ ವಾರ್ಡರಮ್ಮನಿಗೆ ನೀನು ಕೈ ಅಡ್ಡ ಹಿಡಿದೆ. ಗುಬ್ಬಿಯ ತೋಳು ಸೋಲುವವರೆಗೆ ನೀನು ಹಾಗೇ ಕೂತಿದ್ದೆ. ಆಮೇಲೆ ಇಬ್ಬರೂ ಏನೂ ಆಗಿಲ್ಲವೆಂಬಂತೆ ಹಾಳೆಯ ಮೇಲೆ ಕೈ ಇಟ್ಟು ಗೆರೆ ಎಳೆದಿರಿ. ಅವಳ ನಾಲಗೆ ಹೊರಗೆ ಬಂದಿತ್ತು, ಕತ್ತರಿಸುವಾಗ ಅವಳಿಗೆ ಹಾಗಾಗುತ್ತದೆ.

ನಾನೂ ಮುಷ್ಟಿ ಕಟ್ಟಿಕೊಂಡೇ ನಿಂತಿದ್ದೆ. ಯಾರಿಗೆ ಎಂದು ಆಗ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಅವನಿಗೆ. ಅವನು ಬದುಕಿದ್ದಿದ್ದರೆ, ನಡುಬೀದಿಯಲ್ಲಿ ನಿಲ್ಲಿಸಿ, ಅವನು ಮನೆ ಸಾಮಾನು ಹೊತ್ತುಕೊಟ್ಟ ಅಷ್ಟೂ ಜನರ ಎದುರಿಗೆ ಈ ಕೈಯಿಂದ ಅವನ ಕೆನ್ನೆ ಕಿತ್ತುಬರುವಂತೆ ಹೊಡೆಯುತ್ತಿದ್ದೆ. ಅದು ತಾಯಿಯ ಹಕ್ಕು. ನೀನು ಅದನ್ನೂ ನನಗೆ ಉಳಿಸಲಿಲ್ಲ. ಮಗುವನ್ನು ಉಳಿಸಿದೆ, ಅದಕ್ಕೆ ನಿನ್ನ ಋಣ ನನ್ನ ಮೇಲಿದೆ. ಅವನನ್ನು ಕೊಂದದ್ದಕ್ಕೆ ನನ್ನ ಸಿಟ್ಟು ಸಾಯುವವರೆಗೂ ಇರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಬದುಕಬೇಕು, ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಈಗ ನೀನು ನೋಡದ್ದನ್ನು ಹೇಳುತ್ತೇನೆ. ಕೂತು ಓದು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಕಾಗದದ ಕೈಗಳು ಮಡಿಲಲ್ಲಿದ್ದವು. "ಅಜ್ಜಿ, ಅಮ್ಮನ ಹಲ್ಲು ಎಲ್ಲಿ ಹೋಯ್ತು?" ಎಂದಳು.

"ನಿಮ್ಮಪ್ಪ ಮುರಿದ" ಎಂದೆ. ಈ ಬಾಯಿಂದ ಅವನ ಮೇಲೆ ಅಂಥ ಮಾತು ಬಂದದ್ದು ಅದೇ ಮೊದಲು. ಅವಳಿಗೆ ಏನೂ ಹೇಳಬೇಡಿ ಎಂದು ನೀನು ಬೇಡಿದ್ದು ನೆನಪಿತ್ತು, ಅದಕ್ಕೆ ಕಥೆಯನ್ನು ಅಲ್ಲಿಗೇ ಕತ್ತರಿಸಿದೆ. "ನಿಮ್ಮಪ್ಪ ಅಮ್ಮನಿಗೆ ಹೊಡೀತಿದ್ದ. ಅವಳು ತಡೆಯೋಕೆ ಹೋದ್ಲು. ಹಂಗಾಗಿ ಅವನು ಸತ್ತ. ಅಷ್ಟೇ."

ಅವಳು ನನ್ನನ್ನು ನೋಡಿದಳು. ಲೆಕ್ಕ ತಪ್ಪಿದವರನ್ನು ಟೀಚರು ನೋಡುವ ಹಾಗೆ. "ಅಲ್ಲ ಅಜ್ಜಿ. ಕಿರೀಟ ತುಳಿದಾಗ ನಾನು ಅಳ್ಬಾರದಿತ್ತು. ನಾನು ಅಳ್ದೇ ಇದ್ದಿದ್ರೆ ಅಪ್ಪಾನೂ ಸಾಯ್ತಿರ್ಲಿಲ್ಲ, ಅಮ್ಮಾನೂ ಮನೇಲೇ ಇರ್ತಿದ್ಲು. ಅದಕ್ಕೇ ಈಗ ನಾನು ಅಳೋದೇ ಇಲ್ಲ. ಮತ್ತೆ ಯಾರಾದ್ರೂ ಸತ್ರೆ?"

ಕೇಳಿಸಿತೇ? ಮಕ್ಕಳು ಮರೆಯುತ್ತಾರೆ ಅಲ್ಲವೇ ಅತ್ತೆ ಎಂದು ಬರೆದಿದ್ದೆ. ನಿನ್ನ ಆಯುಷ್ಯವನ್ನೇ ಬೆಲೆ ಕೊಟ್ಟು ನೀನು ಯಾವುದನ್ನು ಅವಳಿಂದ ಮುಚ್ಚಿಟ್ಟೆಯೋ, ಅದನ್ನು ಅವಳು ಮೊದಲ ದಿನದಿಂದಲೂ ಒಬ್ಬಳೇ ಹೊತ್ತುಕೊಂಡಿದ್ದಾಳೆ. ನೀನು ಬಾಯಿ ಬಿಡಲಿಲ್ಲ ಎಂದೇ ಅದು ತನ್ನ ತಪ್ಪು ಎಂದು ಅವಳಿಗೆ ಖಾತ್ರಿಯಾಗಿದೆ. ಕೋರ್ಟಿನಲ್ಲಿ ಹೇಳುವುದು ಬಿಡುವುದು ನಿನ್ನಿಷ್ಟ, ವಕೀಲರ ಮಾತು ಇನ್ನು ನಾನು ಎತ್ತುವುದಿಲ್ಲ. ಆದರೆ ಅವಳಿಗೆ ನೀನು ಹೇಳಲೇಬೇಕು. ಮುಂದಿನ ಭೇಟಿಯಲ್ಲಿ ಜಾಲರಿ ಇದ್ದರೂ ಸರಿ, ಅದರ ಈಚೆ ಅವಳ ಪಕ್ಕದಲ್ಲಿ ನಾನು ಇರುತ್ತೇನೆ.

ಬಸ್ಸಿನಲ್ಲಿ ನನ್ನ ಕೈಲಾದದ್ದನ್ನು ನಾನು ಹೇಳಿದೆ. "ಅಳೋದು ತಪ್ಪಲ್ಲ ಮಗಾ. ಅಳೋ ಮಗೂನ ನೀರಿಗೆ ಹಾಕಿದ್ದು ತಪ್ಪು. ತಪ್ಪು ಮಾಡಿದ್ದು ನನ್ನ ಮಗ. ನೀನಲ್ಲ."

ಕಾಗದದ ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ "ಹಂಗಾದ್ರೆ ಅಳ್ಲಾ?" ಎಂದಳು. ಅಪ್ಪಣೆ ಕೇಳಿದಳು ಕಣೇ, ಆರು ವರ್ಷದ ಮಗು.

"ಅಳು" ಎಂದೆ.

ಶುರು ಮಾಡಿದಳು ನೋಡು. ಒಂದು ವರ್ಷದ್ದು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಡ್ರೈವರು ಕನ್ನಡಿಯಲ್ಲಿ ನೋಡಿ ವೇಗ ಇಳಿಸಿದ. ಮುಂದಿನ ಸೀಟಿನ ಗಂಡಸೊಬ್ಬ ಕಿವಿ ಮುಚ್ಚಿಕೊಂಡು, "ಏನಮ್ಮಾ ಇದು, ಬಾಯಿ ಮುಚ್ಚಿಸಬಾರ್ದಾ?" ಎಂದ. ನಾನು ಎದ್ದು ಅವನ ಕಾಲರು ಹಿಡಿದೆ. ಕಾಲರು ಹೊಲಿಯುವವಳಿಗೆ ಎಲ್ಲಿ ಹಿಡಿದರೆ ಬಿಗಿಯುತ್ತದೆ ಎಂದು ಗೊತ್ತು. "ಈ ಮಗು ಅಳ್ತದೆ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಳ್ತದೆ. ಆಗದಿದ್ರೆ ನೀನು ಇಳ್ಕೋ" ಎಂದೆ. ಅವನು ಇಳಿದೇ ಹೋದ.

ನಮ್ಮ ಸ್ಟಾಪು ಬಂತು. ಅವಳದು ಮುಗಿದಿರಲಿಲ್ಲ, ಅದಕ್ಕೆ ನಾವು ಇಳಿಯಲಿಲ್ಲ. ಕೊನೆಯ ಸ್ಟಾಪಿನವರೆಗೂ ಟಿಕೆಟ್ಟು ತೆಗೆಸಿದೆ.

ಅತ್ತೆ